ಮನೆ ಕಂಪ್ಯೂಟರಿಗೆ ಹೊಸ ಆಫೀಸ್: ಚಂದಾನಾ, ಖರೀದಿನಾ, ಉಚಿತದ್ದಾ?

ವರ್ಡ್, ಎಕ್ಸೆಲ್ ಎಲ್ಲ ಇರುವ ಮೈಕ್ರೋಸಾಫ್ಟ್‌ನ ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದಿದೆ. ಅವು ಈಗಲೂ ತೆರೆದುಕೊಳ್ಳುತ್ತವೆ, ಆದರೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಬದಲಿಸುವುದಾದರೆ ಯಾವುದಕ್ಕೆ?

ಇದೇ ಆಫೀಸನ್ನು ಚಂದಾ ಮೇಲೆ ಕೊಡುವ ಮೈಕ್ರೋಸಾಫ್ಟ್ 365 ಬಾಡಿಗೆ ಮನೆ ಇದ್ದ ಹಾಗೆ. ತಿಂಗಳಿಗೋ ವರ್ಷಕ್ಕೋ ಕಟ್ಟುತ್ತಲೇ ಇರಬೇಕು. ಹೊಸ ಸೌಲಭ್ಯಗಳು ತಾವಾಗಿ ಬರುತ್ತವೆ, ಒಬ್ಬರಿಗಾಗಿನ ಪರ್ಸನಲ್ ಪ್ಲಾನಿನಲ್ಲಿ ಒನ್‌ಡ್ರೈವ್‌ನ (ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಸೇವೆ) 1 ಟಿಬಿ ಜಾಗವೂ ಸಿಗುತ್ತದೆ. ಕಟ್ಟುವುದು ನಿಲ್ಲಿಸಿದರೆ ಫೈಲ್ ಓದಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲು ಆಗುವುದಿಲ್ಲ. ಆಫೀಸ್ 2024 ಸ್ವಂತದ್ದು. ಒಂದೇ ಸಲ ದುಡ್ಡು, ಒಂದೇ ಕಂಪ್ಯೂಟರ್. 2029ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಇದೆ.

ಲಿಬ್ರೆಆಫೀಸ್‌ಗೆ ದುಡ್ಡೇ ಬೇಡ. 2010ರಲ್ಲಿ ಓಪನ್‌ಆಫೀಸ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ. ಆದರೆ ನನ್ನದೊಂದು ರೆಸ್ಯೂಮೆಯಲ್ಲಿ ಟೇಬಲ್‌ನ ಕೊನೇ ಸಾಲು ಮಾತ್ರ ಜಾರಿ ಮುಂದಿನ ಪುಟಕ್ಕೆ ಹೋಗಿ ಕೂತಿತ್ತು! ಎಕ್ಸೆಲ್ ಮ್ಯಾಕ್ರೋ (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಜಾಸ್ತಿ ಬಳಸುವವರಿಗೆ ಇದು ತಲೆನೋವೇ. ಬರೀ ಪತ್ರ, ಮನೆ ಲೆಕ್ಕ ಅಂದರೆ ಸುಮ್ನೆ ದುಡ್ಡು ಯಾಕೆ, ಅಲ್ವಾ? ಮೊದಲು ಇದನ್ನೇ ಹಾಕಿ ನೋಡಿ. ಹಳೆ ಆಫೀಸ್ ತೆಗೆಯಬೇಕಾಗಿಯೂ ಇಲ್ಲ, ಎರಡೂ ಒಟ್ಟಿಗೆ ಇರುತ್ತವೆ.

ಮೈಕ್ರೋಸಾಫ್ಟ್‌ನದೇ ಹೊಸದು ಹಾಕುವುದಾದರೆ ಮಾತ್ರ ಹಳೆಯದನ್ನು ಮೊದಲು ಅನ್‌ಇನ್‌ಸ್ಟಾಲ್ ಮಾಡಿ. ಆಫೀಸ್ 32 ಬಿಟ್, 64 ಬಿಟ್ ಎಂಬ ಎರಡು ಬಗೆಯಲ್ಲಿ ಬರುತ್ತದೆ; 32 ಬಿಟ್‌ನದು ಇರುವಾಗ 64 ಬಿಟ್‌ನದು ಹಾಕಲು ಹೋದರೆ ಇನ್‌ಸ್ಟಾಲರ್ ಅರ್ಧದಲ್ಲೇ ನಿಲ್ಲುತ್ತದೆ. ನಿಮ್ಮ ಫೈಲುಗಳು ಅಳಿಸಿಹೋಗುವುದಿಲ್ಲ. ಆದರೂ ಆಫೀಸ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್‌ನಲ್ಲಿ ಹಳೆ ಮೇಲ್ ಇದ್ದರೆ, ಅವು ಕೂಡಿಟ್ಟಿರುವ ಪಿಎಸ್‌ಟಿ (.pst) ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಂಡೇ ಶುರುಮಾಡಿ.