ಒಂದೆಲಗವೋ ನೀರುಬ್ರಾಹ್ಮಿಯೋ?

ಎರಡನ್ನೂ ಜನ ‘ಬ್ರಾಹ್ಮಿ’ ಅಂತಲೇ ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಪುಡಿ ಮಾಡಿದ ಮೇಲೆ ಯಾವುದು ಯಾವುದು ಅಂತ ಹೇಳುವುದು ಕಷ್ಟ, ಹಾಗಾಗಿ ಎಲೆ ನೋಡಿಯೇ ತಗೊಳ್ಳಿ. ಒಂದೆಲಗದ ಒಂದು ತೊಟ್ಟಿಗೆ ಒಂದೇ ಎಲೆ. ದುಂಡಗಿರುತ್ತದೆ, ಬುಡದಲ್ಲಿ ಸೀಳು, ಅಂಚೆಲ್ಲ ಕಚ್ಚುಕಚ್ಚು. ನೀರುಬ್ರಾಹ್ಮಿಯದು ಪುಟ್ಟ ದಪ್ಪ ಎಲೆ, ಎದುರುಬದುರು ಜೋಡಿಯಾಗಿ ಬರುತ್ತದೆ. ಬಾಯಿಗೆ ಹಾಕಿದರೆ ಕಹಿ ಕಹಿ.

ನೆನಪಿನ ಶಕ್ತಿಗೆ ಅಂತ ಹುಡುಕುತ್ತಿದ್ದರೆ ನನ್ನ ಓಟು ನೀರುಬ್ರಾಹ್ಮಿಗೆ. ಈ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಅದಕ್ಕೇ ಜಾಸ್ತಿ. ಅದರ ಮುಖ್ಯ ಅಂಶಗಳಾದ ಬ್ಯಾಕೋಸೈಡ್‌ಗಳಿರುವ ಸಾರ ದಿನಕ್ಕೆ ಸುಮಾರು 300 ಮಿಲಿಗ್ರಾಂ, 12 ವಾರ ಕೊಟ್ಟ ಮೇಲೆ ಸ್ವಲ್ಪ ಸುಧಾರಣೆ ಕಂಡಿದೆ, ಅದೂ ಎಲ್ಲರಲ್ಲೂ ಅಲ್ಲ. ನಾಳೆ ಪರೀಕ್ಷೆ ಅಂತ ಇವತ್ತು ನುಂಗಿದರೆ ಸುಮ್ನೆ ದಂಡ! ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯೂ ಆಗುತ್ತದೆ.

ಗಾಯ, ಚರ್ಮ ಅಂದರೆ ಒಂದೆಲಗ. ಅದರಲ್ಲಿರುವ ಏಷಿಯಾಟಿಕೋಸೈಡ್ ಅನ್ನೋ ಅಂಶ, ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್ ಆದ ಕೊಲಾಜೆನ್ ಹುಟ್ಟಲು ನೆರವಾಗುತ್ತದೆ. ತಂಬುಳಿಗೂ ಇದೇ ಸೊಪ್ಪು ರುಚಿ, ಅಲ್ವಾ? ಆದರೆ ಮಾತ್ರೆ ರೂಪದಲ್ಲಿ ವಾರಗಟ್ಟಲೆ ತಗೊಂಡ ಕೆಲವರಿಗೆ ಲಿವರ್ ತೊಂದರೆ ಆದ ವರದಿಗಳಿವೆ. ಗರ್ಭಿಣಿಯರು, ನಿದ್ದೆ ಮಾತ್ರೆ ತಗೊಳ್ಳುವವರು ಎರಡರಲ್ಲಿ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.