ಹೊಲದ ಬದುವಿಗೆ ಕಾಡುಗಿಡ ತಂದ ನರ್ಸರಿ, ಮೂರು ಬೇಸಿಗೆ ಕಳೆದ ಮೇಲೆ

ನಮ್ಮದು ಹಿರಿಯೂರು ಕಡೆ ಎರಡೆಕರೆ ಖುಷ್ಕಿ ಹೊಲ. ಬದುವಿಗೆ ನೆಡೋಣ ಅಂತ 2022ರ ಮುಂಗಾರಿನಲ್ಲಿ ಹತ್ತಿರದ ಒಂದು ಚಿಕ್ಕ ನರ್ಸರಿಯಿಂದ ಕಮರ, ಮುತ್ತುಗ, ಹೊಂಗೆ, ಒಟ್ಟು 40 ಗಿಡ ತಂದೆ. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿತಲ್ಲ, ಅದೇ ವರ್ಷ.

ಕಮರದ ಗಿಡ ಬರೀ ಗೇಣುದ್ದ ಇತ್ತು. ಚೀಲ ಮಾತ್ರ ಮೊಳದುದ್ದ. ಯಾಕೆ ಅಂತ ನರ್ಸರಿಯವರನ್ನು ಕೇಳಿದೆ. "ಇದು ಮೊದಲು ಕೆಳಗೆ ಬೆಳೆಯುತ್ತೆ ಅಣ್ಣ. ಬೇರು ನೀರು ಹುಡುಕಿಕೊಂಡ ಮೇಲೇನೇ ತಲೆ ಎತ್ತೋದು" ಅಂದರು. ಅವರ ಮಾತು ನಿಜವಾಯಿತು. 2024ರ ಏಪ್ರಿಲ್‌ನಲ್ಲಿ ಒಂದು ಬಿಂದಿಗೆ ನೀರೂ ಹಾಕಲಿಲ್ಲ, ಒಂದು ಕಮರವೂ ಸಾಯಲಿಲ್ಲ.

ಮುತ್ತುಗ ನಮ್ಮನ್ನು ಹೆದರಿಸಿತು. ಪೂರ್ತಿ ಬೋಳು. ಕಿತ್ತು ಹಾಕೋಣ ಅಂತಿದ್ದೆವು. ಫೋನ್ ಮಾಡಿದರೆ, "ಉಗುರಲ್ಲಿ ತೊಗಟೆ ಕೆರೆದು ನೋಡಿ" ಅಂದರು. ಕೆರೆದೆ. ಒಳಗೆ ಹಸಿ ಹಸಿರು! ಮರದ ನೀರು ಹೋಗೋದು ಎಲೆಯ ಸಣ್ಣ ಬಾಯಿಗಳಿಂದ. ಬಿಸಿಲು ಏರಿದಾಗ ಮರ ಅವನ್ನು ಮುಚ್ಚಿಕೊಳ್ಳುತ್ತೆ. ಅದೂ ಸಾಲದಿದ್ದರೆ ಎಲೆಯನ್ನೇ ಉದುರಿಸುತ್ತೆ. ಇಲ್ಲದಿದ್ದರೆ ಬತ್ತಿದ ಬೋರ್‌ವೆಲ್‌ನಲ್ಲಿ ಮೋಟರ್ ಗಾಳಿ ಎಳೆಯುತ್ತಲ್ಲ, ಹಾಗೇ ಕಾಂಡದೊಳಗಿನ ನೀರಿನ ಕೊಳವೆಗೆ ಗಾಳಿಗುಳ್ಳೆ ಸೇರುತ್ತೆ. ಆಮೇಲೆ ಆ ಕೊಳವೆಯಲ್ಲಿ ನೀರು ಏರಲ್ಲ. ಇಷ್ಟನ್ನು ಆ ಪುಣ್ಯಾತ್ಮ ಫೋನಲ್ಲೇ ಬಿಡಿಸಿ ಹೇಳಿದರು. ಗಿಡ ಮಾರಿ ಎರಡು ವರ್ಷ ಆದಮೇಲೂ ಇಷ್ಟು ಹೊತ್ತು ಯಾರು ಮಾತಾಡ್ತಾರೆ?

ಹೊಂಗೆಯದ್ದು ಮಾತ್ರ ನನಗೆ ಬೇಸರ. 12ರಲ್ಲಿ 5 ಸತ್ತವು. ಅಗೆದು ನೋಡಿದರೆ ತಾಯಿಬೇರು ಚೀಲದ ತಳದಲ್ಲಿ ಚಕ್ಕುಲಿ ಹಾಗೆ ಸುತ್ತಿಕೊಂಡಿತ್ತು. ಹಳೇ ಗಿಡಗಳು, ಚೀಲದಲ್ಲೇ ಜಾಸ್ತಿ ದಿನ ಉಳಿದವು. ಸುತ್ತಿದ ಬೇರು ಆಳಕ್ಕೆ ಇಳಿಯಲ್ಲ, ಬೇಸಿಗೆ ತಡೆಯಲ್ಲ. ಮಾರುವ ಮೊದಲೇ ಅವನ್ನು ಬೇರೆ ಇಡಬೇಕಿತ್ತು. ಹೇಳಿದಾಗ ಎದುರು ಮಾತಾಡದೆ ಬೇರೆ ಗಿಡ ಕೊಟ್ಟರು, ಆದರೆ ನನ್ನ ಎರಡು ವರ್ಷ ಹೋಯಿತಲ್ವಾ? ಉಳಿದ ಏಳು ಹೊಂಗೆ ಮಾರ್ಚ್ ಕೊನೆಗೆ, ಒಂದು ಹನಿ ಮಳೆ ಬೀಳುವ ಮೊದಲೇ, ಎಣ್ಣೆ ಸವರಿದಂಥ ಎಳೆ ಎಲೆ ಬಿಟ್ಟವು. ಬೇರಿಗೆ ಆಳದ ತೇವ ಸಿಕ್ಕಿದೆ ಅಂತಲೇ ಲೆಕ್ಕ.

ನೀವು ಹೋದರೆ ಒಂದು ಚೀಲ ಹರಿದು ಬೇರು ತೋರಿಸಿ ಅಂತ ಕೇಳಿ, ತೋರಿಸ್ತಾರೆ. ಈ ಸಲದ ಮಳೆಗೆ ನಾನು ಇನ್ನೂ 20 ಕಮರ ಹೇಳಿ ಬಂದಿದ್ದೇನೆ. ಉದ್ದ ಚೀಲದ್ದೇ.