50 ಮರಿಗಳ ಬ್ರೂಡರ್ ಪೆಟ್ಟಿಗೆ, ನಮ್ಮನೆಯ ಒಂದೇ ಬಾತು ಮರಿ

ಗಂಗಾವತಿಯಲ್ಲಿ ಕೋಳಿ ಸಾಕಣೆ ಸಾಮಾನು ಮಾರುವ ಒಂದು ಅಂಗಡಿಯಿಂದ ಬ್ರೂಡರ್ ಪೆಟ್ಟಿಗೆ, ಅಂದರೆ ಎಳೆ ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ತಂದೆ. ಪ್ಲೈವುಡ್ ಮೈ, ತಗಡಿನ ತಳ, ಜಾಲರಿಯೊಳಗೆ ಒಂದು ಬಲ್ಬು, ಶಾಖ ಜಾಸ್ತಿಯಾದರೆ ತಾನೇ ಆರಿಸುವ ಥರ್ಮೋಸ್ಟಾಟ್. ಜೊತೆಗೆ ನೀರಿನ ಡಬ್ಬಿ, ಮೇವಿನ ತಟ್ಟೆ. 2,400 ರೂಪಾಯಿ. ಮೇಲೆ ‘50 ಮರಿಗಳಿಗೆ’ ಅಂತ ಬರೆದಿದೆ. ನನಗೆ ಬೇಕಿದ್ದದ್ದು ಒಂದೇ ಮರಿಗೆ, ಅದೂ ಬಾತುಕೋಳಿ ಮರಿಗೆ.

“ತಾಯಿ ಬಿಟ್ಟ ಮರಿ ಉಳಿಯಂಗಿಲ್ಲ, ಸುಮ್ನ ರೊಕ್ಕ ಹಾಳು ಮಾಡಬ್ಯಾಡ” ಅಂದರು ನಮ್ಮತ್ತೆ.

ಭತ್ತದ ಕೊಯ್ಲಾದ ಮೇಲೆ ನಮ್ಮ ಕಡೆ ಗದ್ದೆಗಳಿಗೆ ಬಾತುಗಳ ಹಿಂಡು ಬರುತ್ತದಲ್ಲ, ಆ ಹಿಂಡು ಕಾಯುವವರ ಹತ್ತಿರ ತೊಗೊಂಡ ಬಾತು ನಮ್ಮದು. ಹಿಂಡಿನ ಬಾತುಗಳು ಕಾವಿಗೆ ಕೂರುವುದೇ ಅಪರೂಪ. ನಮ್ಮದು ಹಟ ಹಿಡಿದು ಕೂತಿತು. 28 ದಿನಕ್ಕೆ ಮೊಟ್ಟೆ ಒಡೆಯಲು ಶುರುವಾಯಿತು. ಒಂದು ಮಾತ್ರ ತಡವಾಗಿ ಒಡೆಯಿತು. ಅಷ್ಟರಲ್ಲಿ ಉಳಿದ ಮರಿಗಳ ಮೈ ಒಣಗಿ, ತಾಯಿ ಅವನ್ನು ಕರೆದುಕೊಂಡು ಹೊರಟಾಗಿತ್ತು. ಹಿಂದೆ ಉಳಿದ ಒದ್ದೆ ಮರಿಯನ್ನು ಹತ್ತಿರ ಬಿಟ್ಟರೆ ಕೊಕ್ಕಿನಿಂದ ಕುಟ್ಟಿ ದೂರ ತಳ್ಳಿತು. ರಾತ್ರಿ ಕತ್ತಲಲ್ಲಿ ಮೆಲ್ಲಗೆ ರೆಕ್ಕೆ ಕೆಳಗೆ ಸೇರಿಸಿದೆ. ಕೆಲವು ತಾಯಿಗಳು ಹೀಗೆ ಮಾಡಿದರೆ ಒಪ್ಪಿಕೊಳ್ಳುತ್ತವೆ. ಇದು ಬೆಳಗಾಗುತ್ತಲೇ ಮತ್ತೆ ಕುಟ್ಟಿತು. ತಡವಾಗಿ ಹುಟ್ಟಿದ್ದು, ಬಲ ಇಲ್ಲದ್ದು, ಬೇರೆ ಥರ ಕೂಗುವುದು ಅಂದರೆ ತಾಯಿ ಬಾತು ಹೀಗೆ ಬಿಡುವುದುಂಟು. ಅದರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅದಕ್ಕೆ ಉಳಿದವನ್ನು ನೋಡಿಕೊಳ್ಳಬೇಕಲ್ವಾ.

ಈಗ ಪೆಟ್ಟಿಗೆ ವಿಷಯ.

ಥರ್ಮೋಸ್ಟಾಟ್ ಚೆನ್ನಾಗಿದೆ. ಮೊದಲ ವಾರ 32 ಡಿಗ್ರಿ ಸುಮಾರು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಗುಂಡಿ ತಿರುಗಿಸಿದರೆ ಆಯಿತು. ಸಂಕ್ರಾಂತಿ ಹೊತ್ತಿನ ಚಳಿಗೆ ಇದಿಲ್ಲದೆ ಆಗುತ್ತಿರಲಿಲ್ಲ. ಏಪ್ರಿಲ್ ಆಗಿದ್ದರೆ ನಮ್ಮೂರ ಬಿಸಿಲಿಗೆ ಹಗಲು ಬಲ್ಬೇ ಬೇಡ.

ಆದರೆ ಶಾಖ ಅಳೆಯುವ ವಯರಿನ ತುದಿಯನ್ನು ಬಲ್ಬಿನ ಪಕ್ಕದಲ್ಲೇ ಮೊಳೆ ಹೊಡೆದು ಕೂರಿಸಿದ್ದಾರೆ. ಮೇಲೆ ಬಿಸಿಯಾದ ಕೂಡಲೇ ಬಲ್ಬು ಆರುತ್ತದೆ, ಕೆಳಗೆ ಮರಿ ನಡುಗುತ್ತದೆ. ಥರ್ಮೋಸ್ಟಾಟಿನ ಅಂಕಿ 32 ತೋರಿಸುತ್ತಿತ್ತು, ಮರಿ ಮಾತ್ರ ಬಲ್ಬಿನ ಕೆಳಗೆ ಮುದುಡಿ ಒಂದೇ ಸಮ ಚೀರುತ್ತಿತ್ತು. ಮೊಳೆ ಕಿತ್ತು ತುದಿಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಳಿಬಿಟ್ಟೆ. ಚೀರಾಟ ನಿಂತಿತು. ಅಂಕಿಗಿಂತ ಮರಿಯನ್ನೇ ನೋಡಿ: ಚಳಿಯಾದರೆ ಬಲ್ಬಿಗೆ ಅಂಟಿಕೊಳ್ಳುತ್ತದೆ, ಸೆಕೆಯಾದರೆ ದೂರದ ಮೂಲೆಗೆ ಹೋಗಿ ಬಾಯಿ ತೆರೆದು ಏದುತ್ತದೆ.

ತಗಡಿನ ತಳಕ್ಕೆ ನನ್ನ ಅಂಕ ಸೊನ್ನೆ. ಎಳೆ ಮರಿಯ ಕಾಲು ಜಾರಿ ಅತ್ತಿತ್ತ ಚಾಚಿಕೊಂಡುಬಿಡುತ್ತವೆ, ಹಾಗೇ ಬಿಟ್ಟರೆ ಸೊಟ್ಟಗಾಗುತ್ತವೆ. ಪೇಪರ್ ಹಾಸಿದರೂ ಅದೇ ಕಥೆ. ಹಳೇ ಗೋಣಿಚೀಲ ಹಾಸಿದೆ. ಮೇವು ಯಾವುದು ಅಂತ ಮರಿಗೆ ತಿಳಿದ ಮೇಲೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಹರಡಿದೆ. ಗಂಗಾವತಿಯಲ್ಲಿ ಹೊಟ್ಟಿಗೆ ಬರವೇ?

ನೀರಿನ ಡಬ್ಬಿ ಕೋಳಿ ಮರಿಯದು. ಬಾತು ಮರಿ ಮೂಗಿನ ಹೊಳ್ಳೆ ಮುಳುಗುವಷ್ಟು ಕೊಕ್ಕು ಅದ್ದಿ ತೊಳೆದುಕೊಳ್ಳಬೇಕು. ಈ ಡಬ್ಬಿಯ ಅಂಚು ಅದಕ್ಕೆ ಸಾಲದು. ಸ್ಟೀಲ್ ಬಟ್ಟಲಲ್ಲಿ ಬೆಣಚು ಕಲ್ಲು ತುಂಬಿ ಇಟ್ಟೆ, ಕೊಕ್ಕು ಇಳಿಯುತ್ತದೆ, ಮರಿ ಬೀಳುವುದಿಲ್ಲ. ಬಾತು ಅಲ್ವಾ ಅಂತ ಬಕೆಟ್ಟಿಗೆ ಬಿಡಬೇಡಿ. ತಾಯಿಯಿಲ್ಲದ ಎಳೆ ಮರಿ ಬೇಗ ನೆನೆದು, ಚಳಿ ಹಿಡಿದು ಸಾಯಬಹುದು. ನೀರು ಎರಚುವುದರಲ್ಲಿ ಇವು ಎತ್ತಿದ ಕೈ. ಬಿಸಿ ಬಲ್ಬಿಗೆ ಹನಿ ಬಿದ್ದರೆ ಒಡೆಯುತ್ತದೆ, ಹಾಗಾಗಿ ಬಟ್ಟಲು ದೂರದ ಮೂಲೆಯಲ್ಲಿರಲಿ.

ಪೆಟ್ಟಿಗೆ ಜೊತೆ ಮೇವನ್ನೂ ಅದೇ ಅಂಗಡಿಯವರು ಕೊಟ್ಟರು. “ಕೋಳಿ ಮರಿ ಮೇವು ಸಾಕ್ರಿ ಅಕ್ಕಾ” ಅಂದರು. ಅರ್ಧ ನಿಜ. ಬಾತು ಮರಿಗೆ ನಯಾಸಿನ್ ಅನ್ನುವ ಬಿ ವಿಟಮಿನ್ ಕೋಳಿ ಮರಿಗಿಂತ ಜಾಸ್ತಿ ಬೇಕು, ಕಡಿಮೆಯಾದರೆ ಕಾಲು ಬಾಗುತ್ತವೆ. ಔಷಧ ಬೆರೆಸದ ಮೇವು ಕೇಳಿ ತೊಗೊಂಡು, ನಯಾಸಿನ್ ಸಿಗಲೆಂದು ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಪುಡಿ ಸ್ವಲ್ಪ ಕಲಸಿದೆ. ಹಾಲು, ಬ್ರೆಡ್ಡು ಮಾತ್ರ ಬೇಡ.

ಒಂಟಿತನಕ್ಕೆ ಈ ಪೆಟ್ಟಿಗೆಯಲ್ಲಿ ಏನೂ ಇಲ್ಲ, ಇರಬೇಕು ಅಂತಲೂ ಅಲ್ಲ. ಮೂಲೆಗೆ ಒಂದು ಕನ್ನಡಿ ಒರಗಿಸಿಟ್ಟೆ, ಅದಕ್ಕೆ ಒತ್ತಿಕೊಂಡೇ ಮಲಗುತ್ತಿತ್ತು. ಬಲಿತ ಮೇಲೆ ಅಂಗಳದಲ್ಲಿ ಜಾಲರಿಯ ಆಚೆ ಈಚೆ ಇಟ್ಟು ಅಣ್ಣತಮ್ಮಂದಿರ ಪರಿಚಯ ಮಾಡಿಸಿದೆ. ತಾಯಿ ಈಗ ಕುಟ್ಟುವುದಿಲ್ಲ, ಗುರುತೂ ಹಿಡಿಯುವುದಿಲ್ಲ. ನಮ್ಮತ್ತೆ ಈ ಮರಿಗೆ ದಿನಾ ನುಚ್ಚು ಹಾಕುತ್ತಾರೆ, ರೊಕ್ಕದ ಮಾತು ಎತ್ತುವುದಿಲ್ಲ.

ಐದಕ್ಕೆ ಮೂರು ಅಂಕ. 50 ಕೋಳಿ ಮರಿ ತರುವವರು ತಳಕ್ಕೆ ಹಾಸಿ, ವಯರು ಇಳಿಬಿಟ್ಟು ಧಾರಾಳವಾಗಿ ಬಳಸಬಹುದು. ನನ್ನ ಹಾಗೆ ಒಂದೇ ಮರಿ ಇದ್ದವರು ಥರ್ಮೋಸ್ಟಾಟ್ ಒಂದನ್ನೇ ಕೇಳಿ. ಅಂಗಡಿಯಲ್ಲಿ ಬಿಡಿಯಾಗಿ 450 ರೂಪಾಯಿಗೆ ಕೊಡುತ್ತಾರೆ, ಬೋರ್ಡಿನಲ್ಲಿ ಬರೆದಿಲ್ಲ ಅಷ್ಟೇ. ಪೆಟ್ಟಿಗೆಗೆ ಮನೆಯಲ್ಲಿರುವ ದಪ್ಪ ರಟ್ಟಿನ ಡಬ್ಬ ಸಾಕು, ಬಲ್ಬು ರಟ್ಟಿಗೆ ತಾಗದ ಹಾಗೆ ತೂಗುಹಾಕಿ.